ಮಳೆ ನೋಡದೆ ಹಾಕಿದ ಕಲ್ಲು

ಈ ವರ್ಷ ಮಿರಗ ಮಳೆ, ಅಂದರೆ ಜೂನಿನ ಮೃಗಶಿರಾ ಮಳೆ, ಹಿಡಿದ ಎರಡನೇ ದಿನ ಸಿರುಗುಪ್ಪದ ಒಂದು ಅಕ್ಕಿ ಗಿರಣಿಗೆ ಹೋಗಿದ್ದೆ. ಬೆಂಕಿ ವಿಮೆಯ ನವೀಕರಣದ ಕೆಲಸ. ಗಿರಣಿ ಸುತ್ತಿ ನೋಡಿ, ಫೋಟೊ ತೆಗೆದು, ನಾಲ್ಕು ಪುಟದ ವರದಿ ತುಂಬಿದರೆ ಮುಗಿಯಿತು. ಮಾಲೀಕರು ಬಾಯ್ಲರ್ ತೋರಿಸಿದರು, ಮೂಟೆ ಒಟ್ಟಿದ ಗೋದಾಮು ತೋರಿಸಿದರು, ಚಹಾ ತರಿಸಿದರು. ಹಿತ್ತಲಿಗೆ ಬರುವಷ್ಟರಲ್ಲಿ ಸಣ್ಣಗೆ ಹನಿಯತೊಡಗಿತು. ಅಲ್ಲಿ ಬಾಯ್ಲರಿನಿಂದ ತೆಗೆದು ಹಾಕಿದ ಭತ್ತದ ಹೊಟ್ಟಿನ ಬೂದಿ ಆಳೆತ್ತರ ಬಿದ್ದಿತ್ತು. ಹನಿ ಬಿದ್ದ ಹಾಗೆ ಅದರಿಂದ ಒಂದು ವಾಸನೆ ಎದ್ದಿತು. ಉರಿಯುವ ಒಲೆಗೆ ನೀರು ಸುರಿದಾಗ ಬರುತ್ತದಲ್ಲ, ಅಂಥದ್ದು. ನಾನು ಸೆರಗು ಮೂಗಿಗೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಮಾಲೀಕರು ಧೂಳಿಗೆ ಹೀಗಾಯಿತು ಎಂದುಕೊಂಡು ನೀರು ತರಲು ಆಳನ್ನು ಕಳಿಸಿದರು. ಹಾಗೇ ಎಂದುಕೊಳ್ಳಲಿ ಎಂದು ತಂದ ನೀರು ಕುಡಿದೆ.

ಆ ಬೂದಿಯನ್ನು ನಾನು ಮೊದಲು ನೋಡಿದ್ದು ಹುಲಿಗೆಮ್ಮನ ಚೀಲದಲ್ಲಿ. ಅವಳೂ ಅವಳ ಗಂಡ ಈರಣ್ಣನೂ ಸಿರುಗುಪ್ಪದವರು. ಕಲ್ಲು ಕೆಲಸದ ಸಣ್ಣ ಗುತ್ತಿಗೆದಾರರು. ಕಾಲುವೆ ಏರಿಗೆ ಕಲ್ಲು ಕಟ್ಟುವುದು, ಗುಡಿಗಳಿಗೆ ಮೆಟ್ಟಿಲು ಹಾಕುವುದು ಅವರ ಕೆಲಸ. ಗುತ್ತಿಗೆ ಇದ್ದದ್ದು ಈರಣ್ಣನ ಹೆಸರಿನಲ್ಲಿ, ಯಜಮಾನಿಕೆ ಮಾತ್ರ ಪೂರ್ತಿ ಇವಳದ್ದು. ಕೂಲಿಯವರ ವಿಮೆ ಮಾಡಿಸಲು ಬಳ್ಳಾರಿಯ ನಮ್ಮ ಕಚೇರಿಗೆ ವರ್ಷಕ್ಕೊಮ್ಮೆ ಬರುತ್ತಿದ್ದರು. ನಮ್ಮ ಕಚೇರಿಗೆ ಒಂದು ರೋಗವಿತ್ತು. ಮಳೆ ಬಂದರೆ ಬಾಗಿಲಿಗೆ ನೀರು ನುಗ್ಗುತ್ತಿತ್ತು. ಎಷ್ಟೋ ಸಲ ಸಿಮೆಂಟು ಬಳಿಸಿದ್ದೆವು, ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ಒಮ್ಮೆ ಅಂಥದೇ ಮಳೆಯಲ್ಲಿ ಬಂದ ಹುಲಿಗೆಮ್ಮ ಚೀಲದಿಂದ ಎರಡು ಹಿಡಿ ಕರಿಬೂದಿ ತೆಗೆದು ಅಂಗಳದ ನೀರಿನ ಮೇಲೆ ಎಸೆದಳು. ಬೂದಿ ತೇಲುತ್ತ ನಿಧಾನ ಸಾಗಿತು, ಒಂದು ಕಡೆ ತಿರುಗಿತು, ಮೂಲೆಯ ಕಟ್ಟೆಕಲ್ಲಿಗೆ ಬಂದು ಸುತ್ತತೊಡಗಿತು. ಈರಣ್ಣ ಆ ಕಲ್ಲಿನ ಅಡಿಗೆ ಅಂಗೈಯಗಲ ಕಂಡಿ ಕೊರೆದ. ಅಷ್ಟೇ. ಅಂದಿನಿಂದ ಇವತ್ತಿನವರೆಗೆ ನಮ್ಮ ಬಾಗಿಲಿಗೆ ನೀರು ಬಂದಿಲ್ಲ. ಮಳೆ ಬಂದಾಗಲೆಲ್ಲ ನಾನು ಎದ್ದು ಹೋಗಿ ಆ ಕಂಡಿಯನ್ನು ನೋಡುತ್ತೇನೆ.

ನಾನು ಇಪ್ಪತ್ತು ವರ್ಷದಿಂದ ಕಾಗದ ತುಂಬುತ್ತಿರುವವಳು. ಕಂಟೋನ್ಮೆಂಟಿನ ಹಳೇ ಬೀದಿಯೊಂದರಲ್ಲಿ ಮನೆ, ಆಗ ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಮದುವೆಯಾಗದ ನಾನು. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಶ್ಯೂರಿಟಿ ಬಾಂಡ್ ಎಂಬ ಹೊಸ ಕೆಲಸ ಬಂತು. ಸರ್ಕಾರದ ಕೆಲಸ ಹಿಡಿದ ಗುತ್ತಿಗೆದಾರ ನಡುವೆ ಕೈಬಿಟ್ಟರೆ ನಷ್ಟ ತುಂಬಿಕೊಡಲು ಒಬ್ಬರು ಜಾಮೀನು ನಿಲ್ಲಬೇಕು. ಮೊದಲು ಬ್ಯಾಂಕುಗಳೇ ನಿಲ್ಲುತ್ತಿದ್ದವು, ಅದಕ್ಕೆ ಗುತ್ತಿಗೆದಾರ ಒತ್ತೆ ಇಡಬೇಕಿತ್ತು. ಈಗ ವಿಮಾ ಕಂಪನಿಗಳೂ ನಿಲ್ಲಬಹುದು ಎಂದಾಯಿತು. ಒಟ್ಟಿನಲ್ಲಿ ಒಬ್ಬ ಮನುಷ್ಯ ಹೇಳಿದ ದಿನಕ್ಕೆ ಹೇಳಿದ ಕೆಲಸ ಮುಗಿಸುತ್ತಾನೆ ಎಂದು ಇನ್ನೊಬ್ಬರು ಬರೆದುಕೊಡುವುದು. ಓದಲು ಬಹಳ ಚೆಂದದ ಕಾಗದ ಅದು. ಹಾಗೆಂದು ನಾನೇ ಹೊಸಬರಿಗೆ ಪಾಠ ಹೇಳುತ್ತಿದ್ದೆ.

ಆ ವರ್ಷ ಸಂಕ್ರಾಂತಿ ಮುಗಿದ ವಾರದಲ್ಲೇ ಗಂಡ ಹೆಂಡತಿ ಇಬ್ಬರೂ ಬಂದರು. ಕುರುಗೋಡಿನ ಗುಡ್ಡದ ಮೇಲೆ ಚಾರಣಕ್ಕೆ ಬರುವವರಿಗೆ ಕಾಲುದಾರಿ ಮಾಡುವ ಕೆಲಸ ಅವರಿಗೆ ಸಿಕ್ಕಿತ್ತು. ಬುಡದಿಂದ ಹಳೇ ಕೋಟೆಗೋಡೆಯ ತನಕ, ಬಂಡೆಗಳ ನಡುವೆ ಕಲ್ಲಿನ ಮೆಟ್ಟಿಲು. ಅಷ್ಟು ದೊಡ್ಡ ಕೆಲಸ ಅವರಿಗೆ ಅದೇ ಮೊದಲು. ಕೆಲಸ ಕೊಟ್ಟ ಸರ್ಕಾರಿ ಇಲಾಖೆ ಜಾಮೀನು ಕೇಳಿತ್ತು. ಬ್ಯಾಂಕಿನಲ್ಲಿ ಒತ್ತೆ ಇಡಲು ಇವರ ಹತ್ತಿರ ಏನೂ ಇರಲಿಲ್ಲ, ಇದ್ದದ್ದು ಬಾಡಿಗೆ ಮನೆ. ನಮ್ಮ ನಿಯಮದಂತೆ ಆಸ್ತಿ ಇರುವ ಇನ್ನೊಬ್ಬರು ಇವರ ಹಿಂದೆ ಸಹಿ ಹಾಕಬೇಕಿತ್ತು. ರೂಪನಗುಡಿಯ ಒಬ್ಬ ನೆಂಟ ಹಾಕುತ್ತೇನೆ ಎಂದು ಹೇಳಿ ಕೊನೆಗೆ ಕೈಕೊಟ್ಟಿದ್ದ. ನಾನು ನಿಯಮ ಬಿಟ್ಟೆ. ‘ಇವರನ್ನು ಹತ್ತು ವರ್ಷದಿಂದ ಬಲ್ಲೆ’ ಎಂದು ಫೈಲಿನಲ್ಲಿ ಬರೆದು ನಮ್ಮ ಮ್ಯಾನೇಜರ ಮುಂದಿಟ್ಟೆ. ನನ್ನ ಮಾತಿನ ಮೇಲೆ ಅವರು ಸಹಿ ಮಾಡಿದರು. ಅದು ತಪ್ಪು ಎಂದು ಇವತ್ತಿಗೂ ಅನ್ನಿಸುವುದಿಲ್ಲ. ತಪ್ಪು ನಡೆದದ್ದು ಕೆಳಗಿನ ಸಾಲಿನಲ್ಲಿ, ತಾರೀಖು ಬರೆಯುವಲ್ಲಿ.

ಟೆಂಡರಿನಲ್ಲಿ ಮೇ ಕೊನೆಗೆ ಮುಗಿಸಬೇಕೆಂದಿತ್ತು. ಹುಲಿಗೆಮ್ಮ ನನ್ನ ಮೇಜಿನ ಮೇಲೆ ಬಾಗಿ, ಓದಲು ಬರದಿದ್ದರೂ ಆ ಸಾಲಿನ ಮೇಲೇ ಬೆರಳಿಟ್ಟಳು.

“ಅಕ್ಕಾರ, ಇದನ್ನ ಮಿರಗ ಮಳಿ ಆದಮ್ಯಾಗ ಅಂತ ಬರೀರಿ. ನೀರು ದಾಟೋ ಜಾಗಾದಾಗ ಮಳಿ ನೋಡದ ನಾವು ಕಲ್ಲು ಹಾಕಂಗಿಲ್ಲ.”

ಬಾಂಡಿಗೆ ನಕ್ಷತ್ರ ಗೊತ್ತಿಲ್ಲ ಮಾರಾಯ್ತಿ, ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ಕ್ಯಾಲೆಂಡರು ಒಂದೇ ಎಂದು ನಾನು ನಕ್ಕೆ. ಬೇಕಾದರೆ ಆಮೇಲೆ ಅವಧಿ ಮುಂದೂಡೋಣ ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ನೀವು ಅಂದ್ರ ಆತು ಎಂದು ಬೆರಳು ತೆಗೆದಳು. ಆಗಲೇ ಇಲಾಖೆಗೆ ಒಂದು ಪತ್ರ ಬರೆಸಿ ಆ ಸಾಲನ್ನು ತಿದ್ದಿಸಬಹುದಿತ್ತು. ಒಂದು ವಾರ ಓಡಾಡಬೇಕಾಗುತ್ತಿತ್ತು, ಅಷ್ಟೇ. ಅದು ಸೋಮಾರಿತನ, ಅದಕ್ಕೆ ಬೇರೆ ಹೆಸರಿಲ್ಲ.

ಆ ಬೇಸಿಗೆ ನಾನು ತಿಂಗಳಿಗೆರಡು ಸಲ ಕುರುಗೋಡಿಗೆ ಹೋಗುತ್ತಿದ್ದೆ. ಕೆಲಸದ ಪ್ರಗತಿ ನೋಡುವುದು ಎಂಬುದು ನೆಪ. ಬಸ್ಸಿಳಿದು ಬಿಸಿಲಲ್ಲಿ ಗುಡ್ಡದ ಬುಡಕ್ಕೆ ಬರುವ ಹೊತ್ತಿಗೆ ಮೇಲಿನಿಂದ ಉಳಿಯ ಸದ್ದು ಕೇಳುತ್ತಿತ್ತು. ಮೊದಲ ಹದಿನೈದು ದಿನ ಅವರು ಒಂದು ಕಲ್ಲನ್ನೂ ಇಟ್ಟಿರಲಿಲ್ಲ. ಊರಿನ ಕುರಿ ಹಿಂಡಿನ ಹಿಂದೆ ಗುಡ್ಡ ಹತ್ತಿ ಇಳಿದಿದ್ದೇ ಕೆಲಸ. ಕುರಿ ಎಲ್ಲಿ ಏದುಸಿರು ಬಿಡದೆ ಹತ್ತುತ್ತದೋ ಅಲ್ಲಿ ಮನುಷ್ಯರೂ ಹತ್ತುತ್ತಾರೆ ಎನ್ನುವುದು ಈರಣ್ಣನ ಲೆಕ್ಕ. ಇಲಾಖೆಯ ಎಂಜಿನಿಯರ್ ಒಬ್ಬರು, ಒಳ್ಳೆಯವರೇ, ನಕ್ಷೆ ತೋರಿಸಿ ತೋರಿಸಿ ಸಾಕಾಗಿ ಕಡೆಗೆ ಕುರಿಗಳ ದಾರಿಯನ್ನೇ ನಕ್ಷೆಗೆ ಇಳಿಸಿಕೊಂಡರು.

ಮಾರ್ಚ್ ಮುಗಿಯುವಾಗ ದಾರಿ ಅರ್ಧ ಮೇಲೇರಿತ್ತು. ಮೂರು ಕಡೆ ಮಾತ್ರ ಮೆಟ್ಟಿಲು ನಿಂತುಹೋಗಿ, ಎರಡು ಮಾರು ಬರೀ ಮಣ್ಣು, ಮತ್ತೆ ಮೆಟ್ಟಿಲು ಶುರು. ಮಳೆಗಾಲದಲ್ಲಿ ಮೇಲಿನ ನೀರು ದಾರಿಗೆ ಅಡ್ಡ ಬರುವ ಜಾಗಗಳು ಅವು. ಅವರ ಪದ್ಧತಿಯಂತೆ ಮೊದಲ ಮಳೆಗೆ ಹುಲಿಗೆಮ್ಮ ಹೊಟ್ಟಿನ ಬೂದಿ ಹೊತ್ತು ಹತ್ತುತ್ತಾಳೆ, ಇಳಿಜಾರಿನುದ್ದಕ್ಕೂ ಎರಚುತ್ತಾಳೆ. ಬೂದಿ ಹರಿದ ಗೆರೆ ನೋಡಿ, ಯಾವ ಮೆಟ್ಟಿಲ ಅಡಿಗೆ ಕಂಡಿ ಬಿಡಬೇಕು, ಯಾವ ಕಲ್ಲನ್ನು ಒಂದು ಗೇಣು ಹಿಂದೆ ಇಡಬೇಕು ಎಂದು ಸುಣ್ಣದಲ್ಲಿ ಗುರುತು ಹಾಕುತ್ತಾಳೆ. ಆಮೇಲೆ ಈರಣ್ಣ ಕಲ್ಲು ಕೂರಿಸುತ್ತಾನೆ. ಅವಳ ಅವ್ವನೂ ಹೀಗೇ ಮಾಡುತ್ತಿದ್ದಳಂತೆ, ಗಡಿಯಾಚೆಯ ಆದೋನಿ ಕಡೆಯವಳು. ಬೂದಿ ಎರಚುವಾಗ ಅವ್ವ ನೀರನ್ನು “ರಾ ತಲ್ಲಿ, ರಾ” ಎಂದು ತೆಲುಗಿನಲ್ಲಿ ಕರೆಯುತ್ತಿದ್ದಳಂತೆ, ಬಾ ತಾಯಿ ಬಾ ಎಂದು. ಕನ್ನಡದಲ್ಲಿ ಕರೆದರೆ ನೀರು ಬರುವುದಿಲ್ಲವೇನು ಎಂದು ನಾನು ಕಾಡಿಸಿದ್ದಕ್ಕೆ, ಬರುತ್ತದೆ, ಆದರೆ ಮಾತು ಕೇಳುವುದಿಲ್ಲ ಎಂದು ಅವಳು ನನಗೇ ತಿರುಗಿಸಿ ಹಾಕಿದ್ದಳು.

ನಾನು ಹೊರಗೆ ಊಟ ಮಾಡುವವಳಲ್ಲ. ಏಕಾದಶಿಯ ದಿನವಂತೂ ನೀರು ಹಣ್ಣು ಅಷ್ಟೇ. ಅದು ಅವಳಿಗೆ ಹೇಗೆ ನೆನಪಿರುತ್ತಿತ್ತೋ. ಅಂಥ ದಿನ ಹೋದರೆ ಒಂದು ಬಾಳೆಹಣ್ಣು, ತೊಳೆದ ಹೊಸ ಮಡಕೆಯಲ್ಲಿ ನೀರು, ನನಗೆಂದೇ ಬೇರೆ ಇಟ್ಟಿರುತ್ತಿದ್ದಳು. ಬಂಡೆಯ ನೆರಳಿನಲ್ಲಿ ಕೂತು ಅವಳು ರೊಟ್ಟಿ ಮುರಿಯುವಳು, ನಾನು ಹಣ್ಣು ಸುಲಿಯುವೆ. ಮಕ್ಕಳಿಲ್ಲದ ಅವಳು, ಮದುವೆಯಿಲ್ಲದ ನಾನು. ಆ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಮೊದಲ ಮಳೆಗೆ ಬೂದಿ ಹರಿಯುವುದನ್ನು ನೋಡಲು ನಾನು ಬರಬೇಕು ಎಂದು ಮಾತು ತೆಗೆದುಕೊಂಡಿದ್ದಳು. ಬಂದೇ ಬರುತ್ತೇನೆ ಎಂದಿದ್ದೆ. ಜಾಮೀನು ಬರೆದುಕೊಡುವವಳ ಮಾತಲ್ಲವೇ, ಅವಳು ನಂಬಿದಳು.

ಮೇ ನಡುವಿಗೆ ಇಲಾಖೆಯಿಂದ ಪತ್ರ ಬಂತು. ಜಾಮೀನಿನ ಅವಧಿ ಮುಗಿಯುತ್ತಾ ಬಂದಿದೆ, ಕೆಲಸ ಬಾಕಿ ಇದೆ, ಬಾಂಡನ್ನು ವಿಸ್ತರಿಸಿ ಇಲ್ಲವೇ ಹಣ ಕಟ್ಟಿ ಎಂಬ ಎರಡೇ ಸಾಲು. ನಮ್ಮ ಕೆಲಸದಲ್ಲಿ ಇಂಥ ಪತ್ರ ಹೊಸದೇನಲ್ಲ, ವಿಸ್ತರಿಸುವುದು ವಾಡಿಕೆ. ಆದರೆ ಅದಕ್ಕೆ ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಅಲ್ಲಿಗೆ ಫೈಲು ಹೋದರೆ ಹಿಂದೆ ಸಹಿ ಹಾಕಿದ ಆಸ್ತಿವಂತ ಯಾರು ಎಂದು ಮೊದಲೇ ಕೇಳುತ್ತಾರೆ. ನನಗೆ ಮೆಮೊ ಬರುತ್ತದೆ, ದೂರದ ಊರಿಗೆ ವರ್ಗ ಆಗುತ್ತದೆ, ಅಮ್ಮನನ್ನು ಮಗ್ಗುಲು ಹೊರಳಿಸುವವರು ಯಾರು? ಆ ರಾತ್ರಿಗಳಲ್ಲಿ ನನಗೆ ನಿದ್ದೆ ಬರಲಿಲ್ಲ. ಹಣ ಕಟ್ಟಬೇಕಾಗಿ ಬಂದರೆ ಈರಣ್ಣನ ಹೆಸರು ಕಪ್ಪುಪಟ್ಟಿಗೆ ಸೇರುತ್ತದೆ, ಮತ್ತೆ ಯಾವ ಸರ್ಕಾರಿ ಕಲ್ಲನ್ನೂ ಅವನು ಮುಟ್ಟುವ ಹಾಗಿಲ್ಲ ಎನ್ನುವುದೂ ನಿಜ. ಅವರಿಗೆ ಆ ಎರಡನೆಯದನ್ನೇ ದೊಡ್ಡದು ಮಾಡಿ ಹೇಳಿದೆ. ಮೊದಲನೆಯದನ್ನು, ಅಂದರೆ ನನ್ನ ನೌಕರಿಯ ಮಾತನ್ನು, ಈರಣ್ಣನೊಬ್ಬನಿಗೆ, ತಗ್ಗಿದ ದನಿಯಲ್ಲಿ ಹೇಳಿದೆ.

ಗುಡ್ಡದ ಬುಡದಲ್ಲಿ ನಿಂತು, ಆ ಮೂರು ಜಾಗದಲ್ಲೂ ಈಗಲೇ ಕಲ್ಲು ಹಾಕಿಬಿಡಿ, ಮಳೆ ಬಂದ ಮೇಲೆ ಬೇಕಾದರೆ ತೆಗೆದು ಸರಿಮಾಡಿ ಎಂದು ಕೇಳಿಕೊಂಡೆ. ಹುಲಿಗೆಮ್ಮ ಮೇಲೆ ಆ ಬರಿಮಣ್ಣಿನ ಕಡೆ ನೋಡುತ್ತಿದ್ದಳು. ಅವರಿಬ್ಬರೂ ಸ್ವಲ್ಪ ದೂರ ಹೋಗಿ ಮಾತಾಡಿಕೊಂಡರು. ವಾಪಸು ಬಂದು ಹಾಕ್ತೀವಿ ಎಂದವಳು ಅವಳೇ.

ಕೊನೆಯ ವಾರದಲ್ಲಿ ಅಮಾವಾಸ್ಯೆ ಬಿತ್ತು. ಅಮಾವಾಸ್ಯೆಗೆ ನಮ್ಮ ಕಡೆ ಕೂಲಿಯವರು ಕೆಲಸ ಮುಟ್ಟುವುದಿಲ್ಲ, ಎಲ್ಲರೂ ಊರಿಗೆ ಹೋದರು. ಗಂಡ ಹೆಂಡತಿ ಇಬ್ಬರೇ ಉಳಿದು ಮೂರನೇ ಜಾಗದ ಕಲ್ಲುಗಳನ್ನು ಹಾರೆಯಲ್ಲಿ ಹೊರಳಿಸಿ ಕೂರಿಸಿದರು. ಮಳೆ ನೋಡದೆ ಕಲ್ಲು ಹಾಕಬಾರದು, ಅಮಾವಾಸ್ಯೆಗೆ ಕಲ್ಲು ಮುಟ್ಟಬಾರದು, ಎರಡನ್ನೂ ಒಂದೇ ದಿನ ಮುರಿದರು. ಅವಧಿ ಮುಗಿಯುವ ಹಿಂದಿನ ದಿನ ಎಂಜಿನಿಯರ್ ಬಂದು ಬುಡದಿಂದ ಕೋಟೆಗೋಡೆಯ ತನಕ ನಡೆದು ನೋಡಿ, ಕೆಲಸ ಮುಗಿದಿದೆ ಎಂದು ಬರೆದುಕೊಟ್ಟರು. ‘ರದ್ದು’ ಎಂದು ಮುದ್ರೆ ಒತ್ತಿಸಿಕೊಂಡು ಬಾಂಡು ನನ್ನ ಮೇಜಿಗೆ ವಾಪಸು ಬಂತು. ಆ ಸಂಜೆ ನಾನು ಮೈಸೂರುಪಾಕು ತಂದು ಅಮ್ಮನ ಬಾಯಿಗೆ ಹಾಕಿ ನಾನೂ ತಿಂದೆ. ಅದರ ರುಚಿ ಈಗಲೂ ನೆನಪಿದೆ, ಅದಕ್ಕೇ ಮತ್ತೆ ತಿಂದಿಲ್ಲ.

ಜೂನ್ ಮೊದಲ ವಾರದ ಒಂದು ಮಧ್ಯಾಹ್ನ. ಬಳ್ಳಾರಿಯಲ್ಲಿ ಧಗೆ, ಉತ್ತರದ ಕಡೆ ಮೋಡ ಕಟ್ಟಿತ್ತು. ಹುಲಿಗೆಮ್ಮನ ಫೋನು ಬಂತು. ಮಳೆ ಬರುವ ಹಾಗಿದೆ, ಬೂದಿ ತಗೊಂಡು ಗುಡ್ಡಕ್ಕೆ ಬಂದಿದ್ದೇನೆ, ಬರುತ್ತೀರೇನು ಎಂದಳು. ಈರಣ್ಣ ಉಳಿಗಳನ್ನು ಹದ ಮಾಡಿಸಲು ಸಿರುಗುಪ್ಪಕ್ಕೆ ಹೋಗಿದ್ದನಂತೆ. ನನ್ನ ಮುಂದೆ ಬೇರೆ ಯಾರದೋ ಫೈಲಿತ್ತು. ಕೆಲಸ ಮುಗಿದೇ ಹೋಯಿತಲ್ಲ, ಇನ್ನು ನೋಡುವುದೇನಿದೆ ಎಂದೆ.

“ಕಾಗದದಾಗ ಮುಗದೈತಿ ಅಕ್ಕಾರ,” ಎಂದಳು. “ನೀರಿಗೇನು ಗೊತ್ತು?”

ನಗುತ್ತಲೇ ಅಂದಳು. ನಾನೂ ನಕ್ಕು, ಮುಂದಿನ ಮಳೆಗೆ ಖಂಡಿತ ಬರುತ್ತೇನೆ ಎಂದು ಫೋನಿಟ್ಟೆ.

ಉಳಿದದ್ದನ್ನು ನಾನು ಕಂಡಿಲ್ಲ. ಕುರಿ ಕಾಯುವ ಮುದುಕನೊಬ್ಬ ಬಂಡೆಯ ಮರೆಯಲ್ಲಿ ನಿಂತು ನೋಡಿದವನು ಹೇಳಿದ್ದು. ಮಳೆ ಒಮ್ಮೆಲೇ ಸುರಿಯಿತು. ಅವಳು ಬೂದಿ ಎರಚುತ್ತ ಮೇಲೇರಿದಳು. ಮೊದಲ ಎರಡು ಜಾಗದಲ್ಲಿ ನೀರು ಹೇಗೋ ದಾಟಿತು. ಮೂರನೆಯದರಲ್ಲಿ ಅದಕ್ಕೆ ಹೋಗಲು ಬಾಯಿರಲಿಲ್ಲ. ಮೆಟ್ಟಿಲ ಹಿಂದೆ ಕೆರೆಯ ಹಾಗೆ ನಿಲ್ಲತೊಡಗಿತು, ಬೂದಿ ಅದರ ಮೇಲೆ ಸುತ್ತುತ್ತಿತ್ತು. ಬಿಟ್ಟರೆ ಕೆಳಗಿನ ಮೆಟ್ಟಿಲುಗಳೆಲ್ಲ ಕೊಚ್ಚಿಹೋಗುತ್ತವೆ ಎಂದು ಅವಳಿಗೆ ಗೊತ್ತಾಗಿರಬೇಕು. ಹಾರೆ ಹಾಕಿ ಒಂದು ಕಲ್ಲು ಮೀಟಲು ನೋಡಿದಳು. ಆ ಕಲ್ಲಿನ ಜೊತೆ ಉಳಿದ ಕಲ್ಲುಗಳೂ ಬಂದವು. ಮುದುಕ ಕೂಗಿಕೊಂಡು ಹತ್ತಿರ ಹೋಗುವಷ್ಟರಲ್ಲಿ ಅವಳು ಕೆಳಗೆ ಬಂಡೆಗಳ ನಡುವೆ ಇದ್ದಳು. ಉಸಿರಿರಲಿಲ್ಲ. ಬೂದಿಯ ಚೀಲ ಹೆಗಲಲ್ಲೇ ಇತ್ತು, ನೆನೆದು ಎತ್ತಲಾರದಷ್ಟು ಭಾರವಾಗಿತ್ತು.

ವಿಚಾರಣೆ ಎಂಬುದೂ ನಡೆಯಿತು. ಕೆಲಸ ಪೂರ್ಣಗೊಂಡ ಮೇಲೆ ಮೃತಳು ಸ್ವಇಚ್ಛೆಯಿಂದ ಸ್ಥಳಕ್ಕೆ ಹೋಗಿದ್ದಾಳೆ ಎಂದು ಬರೆದರು. ಬಾಂಡು ರದ್ದಾಗಿತ್ತು, ಹಾಗಾಗಿ ನಮ್ಮ ಕಂಪನಿಗೆ ಸಂಬಂಧವಿಲ್ಲ. ಕೂಲಿಯವರ ವಿಮೆಯ ಪಟ್ಟಿ ತೆಗೆದು ನೋಡಿದೆ. ಯಜಮಾನನ ಹೆಂಡತಿ ಕೂಲಿಯವಳಲ್ಲ, ಹಾಗಾಗಿ ಅದರಲ್ಲೂ ಅವಳಿರಲಿಲ್ಲ. ಆ ದಾರಿಗೆ ಸಂಬಂಧಪಟ್ಟ ಯಾವ ಕಾಗದದಲ್ಲೂ ಹುಲಿಗೆಮ್ಮ ಎಂಬ ಹೆಸರಿಲ್ಲ. ಅಷ್ಟೂ ಕಾಗದ ತುಂಬಿದವಳು ನಾನು. ನನ್ನ ನೌಕರಿ ಉಳಿಯಿತು, ವರ್ಗ ಆಗಲಿಲ್ಲ. ಎರಡು ವರ್ಷದ ಮೇಲೆ ಅಮ್ಮ ತನ್ನ ಹಾಸಿಗೆಯಲ್ಲೇ, ನನ್ನ ಕೈಯಿಂದಲೇ ನೀರು ಕುಡಿದು ಹೋದಳು.

ಹುಲಿಗೆಮ್ಮನ ದಿನಕರ್ಮಗಳೆಲ್ಲ ಮುಗಿದ ಮೇಲೆ ಸಿರುಗುಪ್ಪಕ್ಕೆ ಹೋದೆ. ಈರಣ್ಣ ಬಾಗಿಲಲ್ಲಿ ಕೂತಿದ್ದವನು ಎದ್ದು, ಕುರ್ಚಿ ಒರೆಸಿ ಹಾಕಿದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿ ಎಂದೇ ಹೋಗಿದ್ದೆ. ತಾರೀಖು ಬರೆದದ್ದು ನಾನು, ಹೆದರಿ ನಿಮ್ಮನ್ನು ಒತ್ತಾಯ ಮಾಡಿದ್ದೂ ನಾನು ಎಂದು ಹೇಳುತ್ತ ಅತ್ತುಬಿಟ್ಟೆ. ಅವನು ಒಳಗಿಂದ ನೀರು ತಂದು ನನ್ನ ಮುಂದಿಟ್ಟ.

“ನಿಮ್ಮ ನೌಕರಿ ಮಾತು ನಾನು ಆಕಿಗೆ ಹೇಳಿದ್ದೆ ಅಕ್ಕಾರ,” ಎಂದ. “ಮಳಿ ನೋಡದ ಹಾಕೂದು ಬ್ಯಾಡ, ನಮ್ಮ ಹೆಸರು ಹ್ವಾದ್ರ ಹೋಗ್ಲಿ ಅಂತ ಅಂದಾವ ನಾನು. ಆಕೀನ ಕೇಳ್ಲಿಲ್ಲ. ನಮ್ಮನ್ನ ನಂಬಿ ಬರದುಕೊಟ್ಟಾಕಿ ನೀರಾಗ ಮುಣುಗಬಾರ್ದು ಅಂದ್ಲು.”

ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು. ನಾನು ಅವಳಿಗೆ ಜಾಮೀನು ನಿಂತಿದ್ದೇನೆ ಎಂದು ಇಷ್ಟು ದಿನ ತಿಳಿದುಕೊಂಡಿದ್ದೆ. ನಿಂತವಳು ಅವಳು, ನನಗೆ. ಹೊರಗೆ ಬಂದು ಕಾಲುವೆ ಏರಿಯ ಮೇಲೆ ನಿಂತೆ. ನಾಟಿಗೆ ನೀರು ಬಿಟ್ಟಿದ್ದರು, ಆ ನೀರನ್ನು ನೋಡಲು ನನ್ನಿಂದ ಆಗಲಿಲ್ಲ.

ಅದಾದ ಮೇಲೆ ಕುರುಗೋಡಿಗೆ ನಾನು ಹೋಗಲಿಲ್ಲ. ಈರಣ್ಣ ಮರುವರ್ಷ ಮಳೆ ನೋಡಿಕೊಂಡು ದಾರಿಯನ್ನು ಮತ್ತೆ ಕಟ್ಟಿದನೆಂದು ಎಂಜಿನಿಯರ್ ಒಮ್ಮೆ ಸಿಕ್ಕಾಗ ಹೇಳಿದರು. ಬೇರೆ ಗುತ್ತಿಗೆ ಹಿಡಿಯಲಿಲ್ಲವಂತೆ. ಒಂದು ಕಲ್ಲು ಮಾತ್ರ ಬಿಟ್ಟಿದ್ದಾನೆ, ಎಷ್ಟು ಹೇಳಿದರೂ ಹಾಕುವುದಿಲ್ಲ ಎಂದು ಅವರು ತಲೆ ಕೊಡವಿದ್ದರು.

ಈ ಸಲ ಗಿರಣಿಯ ಹಿತ್ತಲಿನಲ್ಲಿ ಆ ವಾಸನೆ ಎದ್ದಾಗ ನಾನು ಊಟದ ಡಬ್ಬಿ ಖಾಲಿ ಮಾಡಿ, ಒರೆಸಿ, ಅದರ ತುಂಬ ಬೂದಿ ತುಂಬಿಕೊಂಡೆ. ಮಾಲೀಕರು ಏನೆಂದುಕೊಂಡರೋ, ಪಾತ್ರೆ ತಿಕ್ಕಲಿಕ್ಕೆ ಒಳ್ಳೆಯದು ಎಂದರು. ಬಳ್ಳಾರಿಯ ಬಸ್ಸು ಬಿಟ್ಟು ಕುರುಗೋಡಿನ ಕಡೆ ಹೋಗುವ ಗಾಡಿ ಹಿಡಿದೆ.

ಗುಡ್ಡದ ಬುಡಕ್ಕೆ ಬರುವಾಗ ಮಳೆ ಜೋರಾಗಿತ್ತು. ಛತ್ರಿ ಮಡಚಿ ಹತ್ತಿದೆ. ಕಾಲಿಗೆ ಎಲ್ಲೂ ಆಯಾಸವಾಗದ ದಾರಿ, ಕುರಿಗಳ ದಾರಿ. ಮೆಟ್ಟಿಲುಗಳ ಅಡಿಯ ಕಂಡಿಗಳಿಂದ ನೀರು ತನ್ನ ಪಾಡಿಗೆ ದಾಟಿ ಹೋಗುತ್ತಿತ್ತು. ಮೂರನೇ ಜಾಗದಲ್ಲಿ ಈರಣ್ಣ ಕೂತಿದ್ದ, ತಲೆಯ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡು. ಪ್ರತಿ ವರ್ಷ ಮಿರಗ ಮಳೆಗೆ ಸಿರುಗುಪ್ಪದಿಂದ ಬರುತ್ತಾನಂತೆ. ಕೂದಲು ಪೂರ್ತಿ ನೆರೆತಿತ್ತು. ನನ್ನನ್ನು ನೋಡಿ ಬರ್ರಿ ಎಂದ, ನಿನ್ನೆ ತಾನೇ ಭೇಟಿಯಾದವರ ಹಾಗೆ.

ಅವನ ಕಾಲ ಬಳಿ ಮೆಟ್ಟಿಲ ಸಾಲಿನಲ್ಲಿ ಒಂದು ಕಲ್ಲಿನಷ್ಟು ಜಾಗ ಬರಿದಾಗಿತ್ತು. ಕೆತ್ತಿ ಸಿದ್ಧಮಾಡಿದ ಕಲ್ಲು ಪಕ್ಕದಲ್ಲೇ ಬಿದ್ದು ಅಂಚಿಗೆ ಪಾಚಿ ಕಟ್ಟಿತ್ತು. ನಾನು ಡಬ್ಬಿ ತೆಗೆದು ಹರಿಯುವ ನೀರಿನ ಮೇಲೆ ಒಂದು ಹಿಡಿ ಬೂದಿ ಬಿಟ್ಟೆ. ಹುಲಿಗೆಮ್ಮನ ಅವ್ವನ ಹಾಗೆ ನೀರನ್ನು ಕರೆಯಬೇಕೆಂದುಕೊಂಡೆ, ಆ ಕರೆ ನನ್ನದಲ್ಲ ಎಂದು ಬಿಟ್ಟೆ. ಬೂದಿ ತೇಲುತ್ತ ಹೋಗಿ, ಆ ಖಾಲಿ ಜಾಗದಲ್ಲಿ ಒಂದು ಸುತ್ತು ತಿರುಗಿ, ಆಚೆ ಇಳಿಯಿತು. ನಾನು ನೋಡಿದೆ, ಆದರೆ ಅದರಿಂದ ಏನು ತಿಳಿದುಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ. ಈರಣ್ಣನ ಮುಖ ನೋಡಿದೆ. ತನಗೂ ಅದು ಬರುವುದಿಲ್ಲ, ಅವಳು ಗುರುತು ಹಾಕಿದಲ್ಲಿ ಕಲ್ಲಿಡುವುದಷ್ಟೇ ತನಗೆ ಗೊತ್ತಿದ್ದದ್ದು, ಉಳಿದದ್ದನ್ನೆಲ್ಲ ಅಂದಾಜಿನ ಮೇಲೆ ಕಟ್ಟಿದೆ, ಇದೊಂದಕ್ಕೆ ಮಾತ್ರ ಧೈರ್ಯ ಬರಲಿಲ್ಲ ಎಂದ.

ಇಪ್ಪತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ? ಈ ಕಲ್ಲನ್ನು ಮತ್ತೆ ಯಾವಾಗ ಹಾಕುತ್ತೀರಿ ಈರಣ್ಣ ಎಂದು ಬಾಯಿಗೆ ಬಂದೇ ಬಿಟ್ಟಿತು.

ಅವನು ಗೋಣಿಚೀಲ ಸರಿಮಾಡಿಕೊಂಡ. “ತಾರೀಖು ಕೇಳಬ್ಯಾಡ್ರಿ ಅಕ್ಕಾರ,” ಎಂದ.

ನಾನು ಮತ್ತೆ ಕೇಳಲಿಲ್ಲ. ಡಬ್ಬಿಯಲ್ಲಿ ಉಳಿದ ಬೂದಿ ನೆನೆಯುತ್ತಿತ್ತು. ಮಳೆ ನಿಲ್ಲುವ ತನಕ ಅವನು ಆ ಖಾಲಿ ಜಾಗದ ಆಚೆ, ನಾನು ಈಚೆ ಕೂತಿದ್ದೆವು.